ಅಗ್ಗದ ಸೈಟ್ ಪರವಾಗಿ ನಾನು ವಾದಿಸಿ ಗೆದ್ದದ್ದು

1984ರಲ್ಲಿ ನಾನು ಯಶವಂತಪುರದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಇಂಜಿನಿಯರ್ ಆಗಿದ್ದೆ. ವಯಸ್ಸು ಇಪ್ಪತ್ತೈದು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾರು ಏನೇ ಹೇಳಲಿ, ‘ಸಾಬೀತು ಮಾಡಿ’ ಅನ್ನುವುದು ನಾಲಿಗೆಗೆ ಅಂಟಿಕೊಂಡಿತ್ತು. ಇನ್‌ಸ್ಪೆಕ್ಷನ್ ಕೆಲಸಕ್ಕೆ ಅದು ಒಳ್ಳೆಯ ಗುಣವೇ. ಕಾರ್ಖಾನೆಯ ಕ್ರೀಡಾ ಸಮಿತಿಗೂ ನನ್ನನ್ನು ಸೇರಿಸಿಕೊಂಡಿದ್ದರು.

ಗಿರಿಜಾ ಗದಗಿನ ಕಡೆಯವರು. ಟೈಮ್ ಆಫೀಸಿನಲ್ಲಿ ತಾತ್ಕಾಲಿಕ ಟೈಪಿಸ್ಟ್. ಏರ್ ಪಿಸ್ತೂಲಿನಲ್ಲಿ ನಮ್ಮ ಕಾರ್ಖಾನೆಯಲ್ಲೇ ಅವರಷ್ಟು ಚೆನ್ನಾಗಿ ಗುರಿ ಹೊಡೆಯುವವರು ಇರಲಿಲ್ಲ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ಕ್ರೀಡಾ ಕೋಟಾದಲ್ಲಿ ನೌಕರಿ ಕಾಯಂ, ಇಲ್ಲದಿದ್ದರೆ ವರ್ಷದ ಕೊನೆಗೆ ಮನೆಗೆ. ಇದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಯ್ಕೆಗೆ ಎರಡು ತಿಂಗಳಿರುವಾಗ ಪಿಸ್ತೂಲಿನ ಹಿಂದಿನ ಸೈಟ್ ಮುರಿಯಿತು. ಸೈಟ್ ಅಂದರೆ ಗುರಿ ಹಿಡಿಯುವ ಪಟ್ಟಿ. ಮುಂದೆ ಒಂದು ಕಡ್ಡಿ, ಹಿಂದೆ ಚೌಕಾಕಾರದ ಸೀಳಿರುವ ಉಕ್ಕಿನ ತುಂಡು. ಸೀಳಿನ ನಟ್ಟನಡುವೆ ಕಡ್ಡಿ ಕಾಣಬೇಕು, ಎರಡೂ ಪಕ್ಕ ಸಮನಾದ ಬೆಳಕಿನ ಗೆರೆ ಉಳಿಯಬೇಕು. ಹತ್ತು ಮೀಟರ್ ದೂರದ ಗುರಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅಂಕ ಹೋಗುತ್ತದೆ. ದುರ್ಬೀನು ಹಾಕೋಣವೆಂದರೆ ಸ್ಪರ್ಧೆಯ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ.

ಸಮಿತಿಯ ಕಾರ್ಯದರ್ಶಿಗಳು ವಿದೇಶಿ ಸೈಟ್ ತರಿಸೋಣ ಎಂದರು. ಅದರ ಬೆಲೆ ನನ್ನ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ನಮ್ಮ ಟೂಲ್ ರೂಮಿನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವವರಿರುವಾಗ ಒಂದು ಸೀಳಿಗೆ ಇಷ್ಟು ದುಡ್ಡೇಕೆ ಎಂದು ನಾನು ಕೇಳಿದೆ. ಟೂಲ್ ರೂಮಿನ ಮೇಸ್ತ್ರಿ ಮುನಿಯಪ್ಪನವರು, ಇಲ್ಲೇ ಪಕ್ಕದ ಅಬ್ಬಿಗೆರೆಯವರು, ನಾಲ್ಕೇ ದಿನದಲ್ಲಿ ಸೈಟ್ ಮಾಡಿಕೊಟ್ಟರು. ಆಡಳಿತದವರ ಕಣ್ಣಿಗೆ ಬೀಳುವ ಯಾವ ವಸ್ತುವೂ ಹೊಳಪಿಲ್ಲದೆ ಅಲ್ಲಿಂದ ಹೊರಗೆ ಹೋಗುತ್ತಿರಲಿಲ್ಲ. ಅದು ಅಲ್ಲಿನ ಮರ್ಯಾದೆ. ಇದನ್ನೂ ಬಫಿಂಗ್ ಮಾಡಿ, ನಿಕಲ್ ಲೇಪನ ಕೊಟ್ಟು, ಕನ್ನಡಿಯಂತೆ ಮಾಡಿದ್ದರು.

ನಾನು ಪಿಸ್ತೂಲನ್ನು ಬೆಂಚ್ ವೈಸಿನಲ್ಲಿ, ಅಂದರೆ ಮೇಜಿಗೆ ಜಡಿದ ಕಬ್ಬಿಣದ ಇಕ್ಕಳದಲ್ಲಿ, ಬಿಗಿದು ಹತ್ತು ಗುಂಡು ಹಾರಿಸಿದೆ. ಹತ್ತೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋದವು. ಆ ಕಾಗದವನ್ನೂ ಹೊಳೆಯುವ ಸೈಟನ್ನೂ ಸಮಿತಿಯ ಮೇಜಿನ ಮೇಲಿಟ್ಟೆ. ಕಾರ್ಯದರ್ಶಿಗಳು ವಿದೇಶಿ ಸೈಟಿನ ಮಾತು ಕೈಬಿಟ್ಟರು. ನನಗೆ ಕಪ್ ಗೆದ್ದಷ್ಟು ಖುಷಿ.

ವಾರದ ನಂತರ ಗಿರಿಜಾ ಸಮಿತಿಯ ಮುಂದೆ ಬಂದು ನಿಂತರು.

“ಸರ್, ಎಡಗಡೆ ಬೆಳಕು ಬಿದ್ರ ಅಂಚು ಮಿಂಚತೈತ್ರೀ. ಕಡ್ಡಿ ನಡುವ ಐತೋ ಇಲ್ಲೋ ತಿಳಿಯಂಗಿಲ್ಲ. ಕರ್ಪೂರ ಹಚ್ಚಿ ಒಂದೀಟು ಮಸಿ ಹಿಡಿಸ್ಲೇನ್ರಿ?”

“ವೈಸಿನಲ್ಲಿ ಹತ್ತಕ್ಕೆ ಹತ್ತೂ ಸರಿ ಹೋಗಿದೆ ಕಣ್ರೀ. ಸೈಟ್ ಸರಿ ಇಲ್ಲ ಅನ್ನೋಕೆ ನಿಮ್ಹತ್ರ ಏನ್ ಸಾಕ್ಷಿ ಇದೆ?”

“ನನ್ನ ಕಣ್ಣರೀ.”

“ಕಣ್ಣೇ ಇಲ್ಲಿ ಆರೋಪಿ. ಆರೋಪೀನೇ ಸಾಕ್ಷಿ ಹೇಳೋಕಾಗುತ್ತಾ?”

ಎಲ್ಲರೂ ನಕ್ಕರು. ಗಿರಿಜಾ ಕೂಡ ನಕ್ಕರು. ತಾತ್ಕಾಲಿಕ ನೌಕರರು ಅಧಿಕಾರಿಗಳ ಜೋಕಿಗೆ ನಗುವ ಹಾಗೆ. ಪರೀಕ್ಷಿಸಿ ಪಾಸು ಮಾಡಿದ ವಸ್ತುವಿಗೆ ಮಸಿ ಬಳಿಯಕೂಡದು ಎಂದು ಹೇಳಿ ಕಳಿಸಿದೆ. ಅವರು ಆ ಮಾತು ಮೀರಲಿಲ್ಲ.

ಆಯ್ಕೆ ನಡೆದ ಜಾಗ ಒಂದು ಪಕ್ಕ ತೆರೆದಿದ್ದ ಶೆಡ್ಡು. ಬೆಳಗಿನ ಬಿಸಿಲು ಎಡಗಡೆಯಿಂದ ಓರೆಯಾಗಿ ಬರುತ್ತಿತ್ತು. ನಲವತ್ತು ಗುಂಡು. ಮೊದಲ ಇಪ್ಪತ್ತರಲ್ಲಿ ಗುಂಡುಗಳೆಲ್ಲ ಒಂದೇ ಪಕ್ಕಕ್ಕೆ ಸರಿದವು. ಬಿಸಿಲು ಮೇಲೇರಿ ನೆರಳು ಬಂದ ಮೇಲೆ ಗುಂಡುಗಳು ನಡುವಿಗೆ ಬಂದವು, ಆದರೆ ತಡವಾಗಿತ್ತು. ಎರಡು ಅಂಕದಲ್ಲಿ ಆಯ್ಕೆ ತಪ್ಪಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿತ್ತೇ? ನನಗೆ ಬೇಕಿತ್ತು. ಲೋಪ ಉಪಕರಣದ್ದಾದರೆ ಗಿರಿಜಾ ಅವರನ್ನು ಹೇಗಾದರೂ ಕಾಯಂ ಮಾಡಬಹುದೇ ಎಂದು ನೋಡಲು ಸಿಬ್ಬಂದಿ ವಿಭಾಗ ವರದಿ ಕೇಳಿದಾಗ ‘ಉಪಕರಣ ಪರೀಕ್ಷಿಸಲಾಗಿದೆ, ತೃಪ್ತಿಕರ, ಲೋಪ ಸ್ಪರ್ಧಿಯದು’ ಎಂದು ಬರೆದು ಸಹಿ ಹಾಕಿದೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಮುನಿಯಪ್ಪನವರ ಹತ್ತಿರ ನನ್ನ ವೈಸ್ ಪರೀಕ್ಷೆಯ ಮಾತೆತ್ತಿದೆ, ಸಮರ್ಥನೆಗೆ ಇನ್ನೊಬ್ಬರು ಸಿಗಲಿ ಎಂದು. ಅವರು ಮುದ್ದೆ ಮುರಿಯುತ್ತಾ ತಲೆ ಎತ್ತದೆ ಹೇಳಿದರು:

“ವೈಸ್‌ಗೆ ಕಣ್ಣೆಲ್ಲೈತೆ ಸಾ? ಸೈಟು ಬಿಚ್ಚಾಕಿ ಒಡುದ್ರೂ ಗುಂಡು ಅಲ್ಲಿಗೇ ಓಗ್ತಿತ್ತು. ವಳಪು ಕೊಟ್ಟಿದ್ದು ನನ್ ತಪ್ಪು. ಆವಮ್ಮ ಬಂದು ಮಸಿ ಇಡಿಸ್ಲಾ ಅಂತ ಕೇಳ್ದಾಗ ಸಾಯೇಬ್ರನ್ನ ಕೇಳವ್ವ ಅಂದ್ನಲ್ಲ, ಅದೂ ತಪ್ಪು.”

ನಾನು ಊಟದ ಡಬ್ಬಿ ಮುಚ್ಚಿಟ್ಟೆ. ಬಿಗಿದಿಟ್ಟ ಪಿಸ್ತೂಲು ಸೈಟ್ ಇದೆಯೋ ಇಲ್ಲವೋ ನೋಡುವುದಿಲ್ಲ. ನಾನು ಪರೀಕ್ಷಿಸಿದ್ದು ನಳಿಗೆಯನ್ನು, ಪಾಸು ಮಾಡಿದ್ದು ಸೈಟನ್ನು. ಹೈಸ್ಕೂಲು ಹುಡುಗನಿಗೂ ಹೊಳೆಯಬೇಕಾದ ತರ್ಕ.

ಅವತ್ತೇ ಹೋಗಿ ವರದಿ ವಾಪಸ್ ಪಡೆಯಬಹುದಿತ್ತು. ಫೈಲು ಇನ್ನೂ ಸಿಬ್ಬಂದಿ ವಿಭಾಗದಲ್ಲೇ ಇತ್ತು, ನನ್ನ ಟೇಬಲ್ಲಿನಿಂದ ಎರಡು ಮಹಡಿ ಮೇಲೆ. ನಾನು ಹೋಗಲಿಲ್ಲ. ಕಾರ್ಯದರ್ಶಿಗಳ ಮುಖದಲ್ಲಿ ‘ನಾನು ಆವತ್ತೇ ಹೇಳಿದ್ದೆ’ ಅನ್ನುವ ನಗೆ ನೋಡಲು ಇಷ್ಟವಿರಲಿಲ್ಲ, ಅಷ್ಟೇ. ಎಂಟು ದಿನ ಹೀಗೇ ಕಳೆದೆ. ಒಂಬತ್ತನೆಯ ದಿನ ಕಾಯಂ ಮಾಡುವವರ ಪಟ್ಟಿ ಹೊರಬಿತ್ತು. ಗಿರಿಜಾ ಹೆಸರಿರಲಿಲ್ಲ. ಆಮೇಲೆ ತಿದ್ದುಪಡಿಯ ಪತ್ರ ಬರೆದೆ. ‘ಗಮನಿಸಲಾಗಿದೆ’ ಎಂಬ ಷರಾ ಹೊತ್ತು ಅದು ವಾಪಸ್ ಬಂತು.

ಕೊನೆಯ ದಿನ ಪಿಸ್ತೂಲಿನ ಪೆಟ್ಟಿಗೆ ಒಪ್ಪಿಸಿ ನನ್ನ ಸಹಿ ಪಡೆಯಲು ಗಿರಿಜಾ ಬಂದರು. ಸಹಿ ಹಾಕಿದೆ. ಕಾಗದ ಮಡಚಿಕೊಂಡರು, ಹೋಗಲಿಲ್ಲ.

“ಸರ್, ಸಿಟ್ಟಿಲ್ರೀ, ತಿಳಕೊಳ್ಳಾಕ ಕೇಳ್ತೀನಿ. ಮಸಿ ಹಚ್ಚಿದ್ರ ಆಯ್ಕೆ ಆಗ್ತಿತ್ತೇನ್ರೀ? ಇಲ್ಲೆ ಎಲ್ಲಾರೂ ನನ್ನ ಕೈ ನಡುಗಿತು ಅಂತಾರ. ನನಗೂ ಈಗ ಹಂಗ ಅನಸಾಕತ್ತೈತಿ.”

“ಹಾಗೆ ಖಚಿತವಾಗಿ ಹೇಳೋಕಾಗಲ್ಲ” ಎಂದೆ.

ತರ್ಕದಲ್ಲಿ ಆ ಉತ್ತರ ತಪ್ಪಲ್ಲ. ಯಾವ ತೀರ್ಪುಗಾರರೂ ಅದಕ್ಕೆ ಅಂಕ ಕಳೆಯುವುದಿಲ್ಲ. ಅವರು ತಲೆಯಾಡಿಸಿ ಹೊರಟರು.

ಐದು ವರ್ಷವಾಯಿತು. ಈಗ ಯಾವ ಪರೀಕ್ಷೆಗೂ ಮುನ್ನ, ಈ ವಸ್ತುವನ್ನು ತೆಗೆದೇ ಹಾಕಿದರೂ ಇದೇ ಫಲಿತಾಂಶ ಬರುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ವಸ್ತುವನ್ನು ದಿನವೂ ಕೈಯಲ್ಲಿ ಹಿಡಿಯುವವರು ಏನಾದರೂ ಹೇಳಿದರೆ ಸಾಕ್ಷಿ ಕೇಳುವ ಮೊದಲು ಕುರ್ಚಿ ಎಳೆದುಕೊಡುತ್ತೇನೆ. ವೃತ್ತಿ ನನಗೆ ಇಷ್ಟು ಕಲಿಸಿದೆ. ಆದರೆ ಕಲಿಕೆಯ ಬೆಲೆ ತೆತ್ತವರು ಬೇರೆಯವರು. ತಮ್ಮ ಕೈಯೇ ನಡುಗಿತೆಂದು ನಂಬಿಕೊಂಡು ಅವರು ಊರಿಗೆ ಹೋದರು. ಅದನ್ನು ತಪ್ಪಿಸಲು ನಾನು ಒಂದೇ ಪದ ಹೇಳಬೇಕಿತ್ತು: ಆಗ್ತಿತ್ತು.