ಮತ್ತೆ ಮತ್ತೆ ವಾಪಸ್ ಬಂದ ಪೆಟ್ಟಿಗೆ

ನನ್ನ ಗಂಡ ಸೆವೆರೊ ಲಾರುತಾ ಎಲ್ ಆಲ್ಟೊ ಊರಲ್ಲಿ ಮೂವತ್ತೊಂದು ವರ್ಷದಿಂದ ಗಿಟಾರಿನ ಆಂಪ್ಲಿಫೈಯರ್ ರಿಪೇರಿ ಮಾಡ್ತಾನೆ. ಅದೂ ಹಳೇ ಕಾಲದ್ದು, ಒಳಗೆ ಗಾಜಿನ ವಾಲ್ವ್ ಇರೋ ಪೆಟ್ಟಿಗೆಗಳು. ಮದುವೆಗಳಲ್ಲಿ ಕುಣಿಸೋಕೆ ಕುಂಬಿಯಾ ಬಾರಿಸೋರಿಗೆ ಅದೇ ಬೇಕು, ಹೊಸದು ಕೊಟ್ರೆ ಮೂಗು ಮುರೀತಾರೆ. ರಸ್ತೆ ಕಡೆ ಅಂಗಡಿ, ಹಿಂದೆ ಮನೆ. ಅವನಿಗೆ ಮಾತು ಕಮ್ಮಿ, ಮೊಂಡುತನ ಜಾಸ್ತಿ. ಪೆನ್ಸಿಲ್ ತಗೊಂಡು ವಾಲ್ವಿನ ಮೇಲೆ ಟಕ್ ಅಂತ ತಟ್ಟಿ, ಕಿವಿಗೊಟ್ಟು, "ಇದು ಹೋಗಿದೆ" ಅಂದ್ರೆ ಹೋಗಿದೆ ಅಂತಲೇ ಅರ್ಥ. ಊರಿನ ಬ್ಯಾಂಡಿನವರೆಲ್ಲ ಆ ಒಂದು ಮಾತನ್ನ ನಂಬಿಕೊಂಡೇ ಬರ್ತಾರೆ.

ಏಳು ವರ್ಷದ ಹಿಂದೆ ಅವನು ಹೊಸ ಚರ್ಚ್ ಸೇರಿದ. ಅಲ್ಲಿ ಬಿಯರ್ ಮುಟ್ಟೋ ಹಾಗಿಲ್ಲ, ಚಾಲ್ಯ ಮಾಡೋ ಹಾಗಿಲ್ಲ. ಚಾಲ್ಯ ಮಾಡದೆ ನಮ್ಮಲ್ಲಿ ಯಾರಾದ್ರೂ ಏನಾದ್ರೂ ಶುರು ಮಾಡ್ತಾರಾ? ಮಿನಿಬಸ್ಸಾಗಲಿ, ಹೊಲಿಗೆ ಮಿಷನ್ನಾಗಲಿ, ನಾಲ್ಕು ಮೂಲೆಗೂ ಬಿಯರ್ ಚಿಮುಕಿಸಿ ಭೂತಾಯಿ ಪಾಚಮಾಮಳನ್ನ ನೆನೀಬೇಕು. ಇಲ್ಲದಿದ್ರೆ ಅವಳ ಪಾಲನ್ನ ಅವಳೇ ಕಿತ್ಕೋತಾಳೆ. "ನನ್ನ ಅಂಗಡೀಲಿ ಅದೆಲ್ಲ ಬೇಡ ಕಣೇ ಬಾಸಿಲಿಯಾ," ಅಂದುಬಿಟ್ಟ. ಅವನಿಗೇನು ಹೇಳೋಕೆ! ಒಂದು ಸಲ ಇಂಥದೇ ಪೆಟ್ಟಿಗೆ ಕರೆಂಟು ಹೊಡೆದು ಅವನನ್ನ ಗೋಡೆಗೆ ಎಸೆದಿತ್ತು. ಮುಖಕ್ಕೆ ನೀರು ಚೆಲ್ಲಿ, ಕೆನ್ನೆ ತಟ್ಟಿ ಎಬ್ಬಿಸಿದ್ದು ನಾನು. ಆವತ್ತಿಂದ ಅವನು ಆ ಕಡೆ ಹೋದ ತಕ್ಷಣ, ರಿಪೇರಿ ಆದ ಪೆಟ್ಟಿಗೆಗೆಲ್ಲ ನಾಲ್ಕು ಹನಿ ಹಾಕ್ತಿದ್ದೆ. ಗಂಡ ಬದುಕಿರಲಿ ಅನ್ನೋದು ತಪ್ಪಾ?

ಆಗಸ್ಟಲ್ಲಿ ಗ್ರಿಮಾಲ್ಡೊ ತನ್ನ ಪೆಟ್ಟಿಗೆ ತಂದ. ನಮ್ಮ ಮಗಳ ಜ್ಞಾನಸ್ನಾನಕ್ಕೆ ನಿಂತೋನು ಅವನು, ಸೆವೆರೊನ ಕೊಂಪಾದ್ರೆ, ಒಡಹುಟ್ಟಿದೋನಿಗಿಂತ ಹೆಚ್ಚು. ಒಂದು ವಾಲ್ವ್ ಸಡಿಲ ಆಗಿ ಕರಕರ ಅಂತಿತ್ತು. ಸೆವೆರೊ ಬಿಗಿ ಮಾಡಿದ, ಎರಡು ಗಂಟೆ ಬಾರಿಸಿ ನೋಡಿದ, ಗಂಟೆ ಹೊಡೆದ ಹಾಗೆ ದನಿ. ಆಗಸ್ಟ್ ಅಂದ್ರೆ ಪಾಚಮಾಮ ಹಸಿದು ಬಾಯ್ತೆರೆದಿರೋ ತಿಂಗಳು. ಅದಕ್ಕೆ ಈ ಪೆಟ್ಟಿಗೆಗೆ ನಾನು ಸ್ವಲ್ಪ ಧಾರಾಳವಾಗೇ ಹಾಕಿದೆ, ಮೇಲಿನ ಜಾಲರಿಗೂ.

ನಾಲ್ಕೇ ದಿನಕ್ಕೆ ವಾಪಸ್. "ಮದುವೇಲಿ ಮೂರು ಹಾಡು ಚೆನ್ನಾಗಿತ್ತು ಕೊಂಪಾದ್ರೆ. ಆಮೇಲೆ ದನಿ ಕುಸೀತು, ಕರಕರ ಅಂತು, ಮತ್ತೆ ತಾನೇ ಸರಿಹೋಯ್ತು. ಮದುಮಗಳ ಅಪ್ಪ ನನ್ನನ್ನ ನುಂಗೋ ಹಾಗೆ ನೋಡ್ತಿದ್ದ!"

ಸೆವೆರೊ ವಾಲ್ವ್ ಎಲ್ಲ ಬದಲಾಯಿಸಿದ. ವಾರದೊಳಗೆ ಮತ್ತೆ ಬಂತು. ಬೆಸುಗೆ ಎಲ್ಲ ಬಿಚ್ಚಿ ಹೊಸದಾಗಿ ಹಾಕಿದ, ಸ್ಪೀಕರಿನ ವೈರು ಬದಲಾಯಿಸಿದ. ಮತ್ತೆ ಬಂತು! ಥೂ, ಆ ಹಾಳು ಪೆಟ್ಟಿಗೆ ನೋಡಿದ್ರೇ ನನಗೆ ಮೈ ಉರೀತಿತ್ತು.

"ಪ್ರತಿ ಸಲ ಒಳಗೆ ಅಂಟು ಒರೆಸ್ತೀನಿ. ಬಿಯರ್ ನಾರುತ್ತೆ," ಅಂದ ಸೆವೆರೊ.

"ಕುಣಿಯೋ ಜಾಗ ಮಾರಾಯ, ಪನ್ನೀರು ನಾರುತ್ತಾ?" ಅಂದ ಗ್ರಿಮಾಲ್ಡೊ.

ನಾನೋ, ಪೆಟ್ಟಿಗೆ ವಾಪಸ್ ಬಂದ ಹಾಗೆಲ್ಲ ತಾಯಿಗೆ ಸಾಲದಾಯ್ತೇನೋ ಅಂದ್ಕೊಂಡೆ. ಎರಡನೇ ಸಲ ಒಂದು ಲೋಟ ಹಾಕಿದೆ. ಮೂರನೇ ಸಲ ಎರಡು.

ಸೆವೆರೊ ಊಟ ಬಿಟ್ಟ. ನಾನು ಬಡಿಸಿದ ಚುನ್ಯೊ, ಅದೇ ಒಣಗಿಸಿದ ಆಲೂಗಡ್ಡೆಯ ಸೂಪು, ಅವನ ಮುಂದೆ ಆರಿಹೋಗ್ತಿತ್ತು, ಅವನು ತನ್ನ ಎರಡು ಕೈ ಮೇಜಿನ ಮೇಲಿಟ್ಟು ನೋಡ್ತಾ ಕೂತಿರ್ತಿದ್ದ. "ಕಿವಿ ಹೋಯ್ತೋ, ಕೈ ಹೋಯ್ತೋ ತಿಳೀತಿಲ್ಲ. ಇನ್ನೊಂದು ಸಲ ಕೆಟ್ಟರೆ ಬೋರ್ಡ್ ಇಳಿಸಿಬಿಡ್ತೀನಿ."

"ಒಂದು ಪೆಟ್ಟಿಗೆಗೋಸ್ಕರ ಅಂಗಡಿ ಮುಚ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

"ಗೊತ್ತಿಲ್ಲದೆ ಗೊತ್ತು ಅಂತ ಇನ್ನೊಬ್ಬರ ಪೆಟ್ಟಿಗೆ ಬಿಚ್ಚೋನಲ್ಲ ನಾನು," ಅಂದ. ಅವನು ಒಂದು ಮಾತು ಅಂದ್ರೆ ಮುಗೀತು, ಮಾಡಿಯೇ ಮಾಡ್ತಾನೆ.

ನಾಲ್ಕನೇ ರಿಪೇರಿ ಮುಗಿದಿದ್ದು ಒಂದು ಶನಿವಾರ. ಅವತ್ತು ಮಧ್ಯಾಹ್ನವೇ ಗ್ರಿಮಾಲ್ಡೊನ ಬ್ಯಾಂಡಿಗೆ ಒಂದು ಮದುವೆ ಇತ್ತು. ಬೆಳಿಗ್ಗೆಯಿಂದ ಬಾರಿಸಿ ನೋಡಿ, ಸ್ವಿಚ್ ಆರಿಸಿ, ಸೆವೆರೊ ಕೈ ತೊಳೆಯೋಕೆ ಹಿತ್ತಲಿಗೆ ಹೋದ. ನಾನು ಶಾಲಿನ ಒಳಗಿಂದ ಬಾಟ್ಲಿ ತೆಗೆದೆ. "ಇವತ್ತು ಅವನ ಬೋರ್ಡ್ ಉಳಿಸಮ್ಮ ತಾಯೀ," ಅಂತ ಜಾಲರಿ ಮೇಲೆ ಅರ್ಧ ಬಾಟ್ಲಿ ಸುರಿದೆ. ಒಳಗೆ ಟಪ್ ಅಂತು. ತಾಯಿ ಒಪ್ಪಿಕೊಂಡಳು ಅಂದ್ಕೊಂಡು, ಜಾಲರಿ ಒರೆಸಿ ಒಳಗೆ ಹೋದೆ.

ಸೆವೆರೊ ಹಿತ್ತಲಿಂದ ಬರೋ ಹೊತ್ತಿಗೆ ಗ್ರಿಮಾಲ್ಡೊ ಬಂದು ಪೆಟ್ಟಿಗೆ ಪಕ್ಕವೇ ನಿಂತಿದ್ದ. ಮದುವೆ ಮನೇಲಿ ಆಗಲೇ ಒಂದೆರಡು ಲೋಟ ಏರಿಸಿಕೊಂಡಿದ್ದ. "ನಿನ್ನ ಕಣ್ಣೆದುರೇ ಹಾಕ್ತೀನಿ, ಕೇಳಿಸ್ಕೋ," ಅಂತ ಸೆವೆರೊ ಸ್ವಿಚ್ ಒತ್ತಿದ. ಸದ್ದೇ ಇಲ್ಲ. ಮತ್ತೆ ಒತ್ತಿದ. ಇಲ್ಲ. ವೈರು ಕಿತ್ತು ಹಿಂದಿನ ಹಲಗೆ ಬಿಚ್ಚಿದ. ಬಿಸಿ ವಾಲ್ವ್ ಸೀಳಿಹೋಗಿತ್ತು, ಅದರ ಬುಡದಲ್ಲಿ ನೊರೆ ಇನ್ನೂ ಗುಳುಗುಳು ಅಂತಿತ್ತು. ಬೆರಳದ್ದಿ ಮೂಸಿದ.

ಸೀದಾ ಹೋಗಿ ಗ್ರಿಮಾಲ್ಡೊನ ಕೊರಳಪಟ್ಟಿ ಹಿಡಿದ. "ನೀನೇನೋ ಸುರಿದಿದ್ದು, ಕುಡುಕ! ಒಂದು ತಿಂಗಳಿಂದ ನನ್ನ ಕುಣಿಸ್ತಿದ್ದೀಯಾ? ನಿನ್ನ ಬಾಯಿ ನಾರ್ತಿದೆ, ಇದೂ ನಾರ್ತಿದೆ!"

"ಮಗಳ ಆಣೆ, ನಾನು ಮುಟ್ಟೇ ಇಲ್ಲ ಕಣೋ!"

"ನನ್ನ ಮಗಳ ಹೆಸರು ಎತ್ತಬೇಡ. ಹೊರಗೆ ನಡಿ. ಇನ್ನು ಈ ಹೊಸ್ತಿಲು ತುಳಿಬೇಡ."

ಗ್ರಿಮಾಲ್ಡೊನ ಕಣ್ಣಲ್ಲಿ ನೀರು. ಎಂಥಾ ಹೇಡಿ ನಾನು, ಅವನು ಬಾಗಿಲ ಹತ್ತಿರ ಹೋಗೋವರೆಗೂ ಬಾಯಿ ಬಿಡಲಿಲ್ಲ.

"ಸುರಿದಿದ್ದು ನಾನು," ಅಂದೆ.

ಇಬ್ಬರೂ ತಿರುಗಿದರು.

"ಚಾಲ್ಯ ಮಾಡ್ದೆ. ನಿನಗೆ ಏನೂ ಆಗದಿರಲಿ ಅಂತ."

"ಇವತ್ತಾ?"

"ಪ್ರತಿ ಸಲ."

"ಮೊದಲನೇ ಸಲದಿಂದ?"

"ಹೂಂ. ಮೊದಲನೇ ಸಲದಿಂದ."

ಬೈತಾನೆ ಅಂತ ಕಾದೆ. ತಿರುಗಿಸಿ ಬೈಯೋಕೆ ಬಾಯಲ್ಲಿ ಎಲ್ಲ ಸಿದ್ಧವಾಗಿತ್ತು. ಅವನು ಸ್ಟೂಲ್ ಮೇಲೆ ಕುಸಿದ. ಇಷ್ಟು ವರ್ಷದಲ್ಲಿ ಅವನು ಅತ್ತಿದ್ದನ್ನ ನಾನು ನೋಡಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ.

"ಹಾಗಾದ್ರೆ ಮೊದಲನೇ ಸಲವೇ ನಾನು ಸರಿ ಮಾಡಿದ್ದೆ," ಅಂದ. "ಹೇಳೇ ಅವನಿಗೆ. ನೀನೇ ಹೇಳು."

"ಮೊದಲನೇ ಸಲವೇ ಸರಿ ಮಾಡಿದ್ದ," ಅಂದೆ ಗ್ರಿಮಾಲ್ಡೊಗೆ.

"ಇನ್ನೊಂದು ಸಲ ಹೇಳು," ಅಂದ ಸೆವೆರೊ.