ದ್ವೀಪದ ದಿನ ಬಂದ ಏಕಾದಶಿ

ಪದ್ಮಜಾ ಅವರು ಗಂಡನಿಗೆ ಎದುರಾಡಿದ್ದನ್ನು ಮಿಷಿಗನ್ನಿನ ನಮ್ಮ ನೋವೈ ಊರಲ್ಲಿ ಯಾರೂ ಕೇಳಿಲ್ಲ. ಅವರು ಮನಸ್ಸಿನಲ್ಲಿ ಅಂದುಕೊಂಡದ್ದು ಆಗದೆ ಉಳಿದದ್ದನ್ನೂ ಯಾರೂ ನೋಡಿಲ್ಲ. ಇವೆರಡೂ ಒಬ್ಬರಲ್ಲೇ ಹೇಗೆ ಕೂಡಿಬಂದವು ಎಂಬುದು ನನಗೆ ಅರ್ಥವಾದದ್ದು ಅವರ ಹಡಗಿನ ಪ್ರವಾಸದ ಕಥೆ ಕೇಳಿದ ಮೇಲೆ. ದೇವಸ್ಥಾನದ ಅಡುಗೆಮನೆಯಲ್ಲಿ ನಾವಿಬ್ಬರೂ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಅವರೇ ಹೇಳಿದ್ದು, ಒಂದು ಸಲವೂ ನಗದೆ.

ಪದ್ಮಜಾ ಮೈಸೂರಿನವರು. ಯಜಮಾನರು ಹಯವದನ, ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಪ್ಲಾನಿಂಗ್ ಎಂಜಿನಿಯರ್. ಯಾವ ಭಾಗ ಯಾವ ಹೊತ್ತಿಗೆ ಯಾರ ಕೈಗೆ ಬರಬೇಕು ಎಂದು ಗೊತ್ತುಮಾಡುವುದು ಅವರ ಕೆಲಸ. ೨೦೦೮ರ ದೀಪಾವಳಿ ಕಳೆದ ಮೇಲೆ ಕಂಪನಿ ಅವರನ್ನು ಮನೆಗೆ ಕಳಿಸಿತು. ಆ ವರ್ಷ ನಮ್ಮಲ್ಲಿ ಅದು ಹೊಸ ಸುದ್ದಿಯೇನಲ್ಲ. ವಾರದ ದಿನಗಳಲ್ಲೂ ಮಹಾಮಂಗಳಾರತಿಗೆ ಗಂಡಸರು ಕಾಣಿಸತೊಡಗಿದ್ದರು. ಯಾಕೆ ಬಂದಿರಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಹಯವದನರ ಕೆಲಸ ಹೋಯಿತು, ಪ್ಲಾನಿಂಗ್ ಹೋಗಲಿಲ್ಲ. ಅದು ಅಡುಗೆಮನೆಗೆ ಬಂತು.

"ಪದ್ಮಾ, ಈ ಸಾಸಿವೆ ಡಬ್ಬಿ ಒಲೆಯಿಂದ ಇಷ್ಟು ದೂರ ಯಾಕಿದೆ? ಒಗ್ಗರಣೆ ಟೈಮಲ್ಲಿ ನೀನು ಸುಮ್ಮನೆ ಓಡಾಡ್ತೀಯ. ಎಲ್ಲಾ ವೇಸ್ಟು."

"ಹೌದಾ? ನಂಗೆ ಗೊತ್ತೇ ಆಗಿರಲಿಲ್ಲ," ಎಂದು ಪದ್ಮಜಾ ಡಬ್ಬಿಯನ್ನು ಒಲೆಯ ಪಕ್ಕಕ್ಕೆ ಸರಿಸಿದರು. ಹಯವದನರು ಪೇಪರು ಹಿಡಿದು ಕೂತ ಮೇಲೆ ಮತ್ತೆ ಹಳೆಯ ಜಾಗಕ್ಕೆ ಇಟ್ಟರು.

ಇದಾದರೂ ಪರವಾಗಿಲ್ಲ, ಕಾಫಿಯದು ದೊಡ್ಡ ಪಾಡು. ಆಫೀಸಿಗೆ ಹೋಗುವಾಗ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಮನೆಯಲ್ಲೇ ಇರತೊಡಗಿದ ಮೇಲೆ ಡಿಕಾಕ್ಷನ್ ಇಳಿಯುವುದೇ ನಿಲ್ಲಲಿಲ್ಲ. ಪದ್ಮಜಾ ಕೂತರೆ ಸಾಕು, ಕುರ್ಚಿಯ ಸದ್ದು ಕೇಳಿದವರಂತೆ ಮಹಡಿಯಿಂದ "ಪದ್ಮಾ, ಕಾಫಿ ಇದೆಯಾ?" ಎಂದು ಕೂಗು ಬರುತ್ತಿತ್ತು.

ಹಡಗುಗಳು ಅರ್ಧ ಖಾಲಿಯಾಗಿ ಓಡುತ್ತಿದ್ದ ಕಾಲ ಅದು. ಟಿಕೆಟ್ ಅಗ್ಗವಾಗಿತ್ತೆಂದು ಷಿಕಾಗೋದಲ್ಲಿದ್ದ ಮಗ ಸಾಕೇತ್ ಅಪ್ಪ ಅಮ್ಮನಿಗೆ ಕೆರಿಬಿಯನ್ ಪ್ರವಾಸ ಕೊಡಿಸಿದ. ಫೋನಿನಲ್ಲಿ ಕೇಳಿದ, "ವಾಟ್ ಡು ಯು ವಾಂಟ್ ಟು ಡೂ ದೇರ್, ಅಮ್ಮಾ?"

ಹಡಗಿನವರು ಕಳಿಸಿದ ಪುಸ್ತಿಕೆಯಲ್ಲಿ ಒಂದು ಚಿತ್ರವಿತ್ತು. ಬಿಳಿ ಮರಳು, ಒಂದು ಛತ್ರಿ, ಕೆಳಗೆ ನೀಲಿ ಕುರ್ಚಿ. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

"ಈ ಕುರ್ಚಿಲಿ ಕೂತ್ಕೋಬೇಕು."

"ಆಂಡ್ ದೆನ್?"

"ಅಷ್ಟೇ ಕಣೋ."

ಹಯವದನರಿಗೆ ಅಷ್ಟೇ ಎಂಬ ಮಾತು ಆಗಿಬರುವುದಿಲ್ಲ. ಹಡಗು ಸೇಂಟ್ ಮಾರ್ಟನ್ ದ್ವೀಪದಲ್ಲಿ ನಿಲ್ಲುವುದು ಒಂದೇ ಒಂದು ಹಗಲು. ಆ ಹಗಲಿಗೆ ಅವರು ಕೋಟೆ, ಚಿಟ್ಟೆಗಳ ತೋಟ, ಒಂದೇ ದ್ವೀಪದಲ್ಲಿ ಫ್ರೆಂಚರ ಪಾಲು, ಡಚ್ಚರ ಪಾಲು, ನಡುವಿನ ಗಡಿಕಲ್ಲು, ತಲೆಯ ಮೇಲೇ ವಿಮಾನ ಇಳಿಯುವ ಸಮುದ್ರತೀರ ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಕುರ್ಚಿಗೆ ಎಲ್ಲೂ ಜಾಗವಿರಲಿಲ್ಲ.

"ಏಕಾದಶಿನೂ ನೋಡ್ಕೊಂಡಿದೀನಿ," ಎಂದರು ಹೆಮ್ಮೆಯಿಂದ. "ಸರಿಯಾಗಿ ಸಮುದ್ರದ ಮೇಲಿರೋ ದಿನ ಬೀಳತ್ತೆ. ಅವತ್ತು ಕ್ಯಾಬಿನ್‌ನಲ್ಲಿ ಉಪವಾಸ. ಮಾರನೇ ದಿನ ಬೆಳಿಗ್ಗೆ ಪಾರಣೆ ಮುಗಿಸಿ ದ್ವೀಪಕ್ಕೆ ಇಳಿಯೋದು, ಸಂಜೆವರೆಗೂ ನಿಲ್ಲೋ ಹಾಗಿಲ್ಲ."

ಏಕಾದಶಿಯ ವಿಷಯದಲ್ಲಿ ಹಯವದನರದು ಕಟ್ಟುನಿಟ್ಟು. ನೀರೂ ಮುಟ್ಟರು, ಕಾಫಿಯ ಹೆಸರೆತ್ತರು, ಹಗಲು ಮಲಗರು. ಊರಿಂದ ಅಮ್ಮ ಕಳಿಸಿದ ಕ್ಯಾಲೆಂಡರ್ ನೋಡಿ ಉಪವಾಸ ಮಾಡುವ ಹುಡುಗರನ್ನು ದೇವಸ್ಥಾನದಲ್ಲಿ ಅಡ್ಡಗಟ್ಟಿ, "ಮಿಷಿಗನ್ನಲ್ಲಿ ಕೂತು ಬೆಂಗಳೂರಿನ ಸೂರ್ಯನಿಗೆ ಉಪವಾಸ ಮಾಡ್ತೀರೇನಯ್ಯಾ? ಎಲ್ಲಿರ್ತೀವೋ ಅಲ್ಲಿನ ಸೂರ್ಯ," ಎಂದು ಪಾಠ ಹೇಳುತ್ತಿದ್ದರು.

ಡಿಸೆಂಬರ್‌ನ ಒಂದು ಶನಿವಾರ ಅರ್ಚನೆ ಮುಗಿದ ಮೇಲೆ ಪದ್ಮಜಾ ಚಪ್ಪಲಿ ಬಿಡುವ ಜಾಗದಲ್ಲಿ ಪರಿಚಯದ ಆಚಾರ್ಯರೊಬ್ಬರ ಹತ್ತಿರ ಮಾತಿಗೆ ನಿಂತರು. ಹೊರಗೆ ಸೊನ್ನೆ ಡಿಗ್ರಿ ಚಳಿ. ಹಯವದನರು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕಾಯುತ್ತಿದ್ದರು.

"ಏನು ಅಷ್ಟು ಹೊತ್ತು?"

"ಪ್ರಸಾದ ಕೊಟ್ರು," ಎಂದರು ಪದ್ಮಜಾ. ಕೊಟ್ಟಿದ್ದು ನಿಜ. ಕೈಯಲ್ಲಿ ಸಕ್ಕರೆ ಪೊಂಗಲ್ ಇತ್ತು.

ಹಡಗಿನಲ್ಲಿ ಅವರಿಗೆ ಜೊತೆ ಷಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಸಂಗನಬಸಪ್ಪ ಮತ್ತು ನೀಲಗಂಗಾ ದಂಪತಿ. ಧಾರವಾಡದ ಕಡೆಯವರು. ಸಂಗನಬಸಪ್ಪನವರದು ಒ'ಹೇರ್ ವಿಮಾನ ನಿಲ್ದಾಣದ ಪಕ್ಕದ ಸರಕು ಸಾಗಾಣಿಕೆ ಕಂಪನಿಯಲ್ಲಿ ಕೆಲಸ. ಸರಕೇ ಇಲ್ಲದ ಚಳಿಗಾಲವೆಂದು ಆಫೀಸಿನವರೇ ರಜೆ ಹಾಕಿಸಿದ್ದರು.

ಮೊದಲ ದಿನವೇ ಪದ್ಮಜಾಗೆ ತಿಳಿಯಿತು, ಹಡಗೂ ನೋವೈಯೇ ಎಂದು. ಹಡಗಿನ ಕಾಫಿ ಹಯವದನರಿಗೆ ಸೇರಲಿಲ್ಲ. ಪದ್ಮಜಾ ಪುಟ್ಟ ಫಿಲ್ಟರ್ ಹಿಡಿದು ಊಟದ ಅಂತಸ್ತಿಗೆ ಹತ್ತುವುದು, ಬಿಸಿನೀರು ಬಿಟ್ಟುಕೊಳ್ಳುವುದು, ಡಿಕಾಕ್ಷನ್ ಇಳಿಯುವವರೆಗೆ ಅಲ್ಲೇ ಮೂಲೆಯಲ್ಲಿ ಕಾಯುವುದು, ಚೆಲ್ಲದಂತೆ ಕೆಳಗೆ ತರುವುದು. ಮೂರನೆಯ ಸಲ ಹತ್ತಿದಾಗ ನೀಲಗಂಗಾ ಎದುರಾದರು.

"ಅಕ್ಕಾರ, ನೀವು ಪ್ರವಾಸಕ್ಕ ಬಂದೀರೋ, ಇಲ್ಲಾ ಹಡಗಿನಾಗ ನೌಕರಿ ಹಿಡದೀರೋ?"

"ದ್ವೀಪದಲ್ಲಿ ಕೂತ್ಕೊಳ್ಳೋಣ ಬಿಡಿ," ಎಂದರು ಪದ್ಮಜಾ.

"ದ್ವೀಪದಾಗ? ನಿಮ್ಮ ಯಜಮಾನರು ನಮಗೂ ಪ್ಲಾನ್ ಓದಿ ಹೇಳ್ಯಾರ. ಉಚ್ಚಿ ಹೊಯ್ಯಾಕೂ ಪುರಸೊತ್ತಿಲ್ಲ ಅದರಾಗ."

ಎರಡನೆಯ ದಿನ ಸಂಜೆ ನಾಲ್ವರೂ ಊಟದ ಮೇಜಿನಲ್ಲಿದ್ದರು. ಮಾರನೆಯ ದಿನ ಏಕಾದಶಿಯೆಂದು ಹಯವದನರು ಮಿತವಾಗಿ ಊಟ ಮಾಡುತ್ತಿದ್ದರು. ಪದ್ಮಜಾ ಕಿಟಕಿಯಾಚೆ ನೀರು ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು.

"ಇವತ್ತು ಎಷ್ಟು ಬೇಗ ಬೆಳಕಾಗಿಬಿಡ್ತು ಅಲ್ವಾ. ನೋವೈಲಾದ್ರೆ ಎಂಟು ಗಂಟೆ ಆದ್ರೂ ಕತ್ತಲೆ."

ಹಯವದನರ ಚಮಚ ನಿಂತಿತು. "ಬೇಗ ಅಂದ್ರೆ?"

"ನಂಗೇನ್ರೀ ಗೊತ್ತು. ಬೇಗ ಅನ್ನಿಸ್ತು."

ಈಗ ನಮ್ಮವರ ಏಕಾದಶಿಯ ಒಂದು ನಿಯಮ ಹೇಳಬೇಕು. ಸೂರ್ಯ ಹುಟ್ಟುವ ಒಂದೂವರೆ ಗಂಟೆ ಮುಂಚೆ ಅರುಣೋದಯ. ಆ ಹೊತ್ತಿಗೆ ಹಿಂದಿನ ತಿಥಿ ದಶಮಿ ಇನ್ನೂ ಮುಗಿಯದೆ ಉಳಿದಿದ್ದರೆ ಅಂದು ಉಪವಾಸವಿಲ್ಲ, ಮರುದಿನ. ಸೂರ್ಯ ತಡವಾಗಿ ಹುಟ್ಟುವ ನೋವೈಯಲ್ಲಿ ದಶಮಿ ಮುಗಿದು ಅರುಣೋದಯವಾಗುತ್ತಿತ್ತು. ಸೂರ್ಯ ಬೇಗ ಹುಟ್ಟುವ ಈ ಸಮುದ್ರದಲ್ಲಿ?

ಹಯವದನರು ಕಾಗದದ ಕರವಸ್ತ್ರ ಎಳೆದುಕೊಂಡು ಲೆಕ್ಕ ಹಾಕಿದರು. ಹಡಗಿನವರು ಕೊಟ್ಟ ಹಾಳೆಯಲ್ಲಿ ಮಾರನೆಯ ದಿನದ ಸೂರ್ಯೋದಯ ನೋಡಿದರು. ಇನ್ನೊಂದು ಸಲ ಹಾಕಿದರು. ಮುಖ ಸಣ್ಣದಾಯಿತು.

"ಅರುಣೋದಯಕ್ಕೆ ದಶಮಿ ಇದೆ."

"ಅಲ್ರಿ," ಎಂದರು ಸಂಗನಬಸಪ್ಪ, "ದಶಮಿ ಟಿಕೆಟ್ ಇಲ್ದ ಹಡಗ ಏರೇತೇನು? ನಮ್ಮ ಲಿಂಗಯ್ಯ ಚೊಲೋ ನೋಡ್ರಿ, ಕೊರಳಾಗ ಇರ್ತಾನ. ಯಾವ ಊರ ಸೂರ್ಯ ಅಂತ ಕೇಳಂಗಿಲ್ಲ."

"ಹಂಗಾದ್ರ ನಿಮ್ಮ ಉಪಾಸ ಯಾವಾಗ?" ಎಂದರು ನೀಲಗಂಗಾ.

"ನಾಡಿದ್ದು."

"ನಾಡಿದ್ದು ದ್ವೀಪ."

ಮೊದಲು ತಡೆಯಲಾರದೆ ಹೋದವರು ಸಂಗನಬಸಪ್ಪನವರೇ. "ಸುಮ್ನ ನೋವೈ ಸೂರ್ಯಾನ್ನ ಹಿಡ್ಕೊಂಡು ಉಪಾಸ ಮುಗಿಸಿಬಿಡ್ರಿ ನಾಳೆ. ಯಾರ್ ನೋಡ್ತಾರ?"

ಹಯವದನರು ಬೆನ್ನು ನೆಟ್ಟಗೆ ಮಾಡಿದರು. "ಎಲ್ಲಿರ್ತೀವೋ ಅಲ್ಲಿನ ಸೂರ್ಯ."

"ಅಯ್ಯೋ, ನಿಮ್ಮ ಪ್ಲಾನು?" ಎಂದರು ಪದ್ಮಜಾ.

"ಪ್ಲಾನಿಗಿಂತ ವ್ರತ ದೊಡ್ಡದು ಪದ್ಮಾ."

"ಅದೂ ಸರಿ," ಎಂದು ಪದ್ಮಜಾ ತಲೆ ಬಾಗಿಸಿದರು.

ಮರುದಿನ ಹಯವದನರು ಎರಡು ದಿನದ ಕಾಫಿಯನ್ನು ಒಂದೇ ದಿನ ಕುಡಿದರು. ಪದ್ಮಜಾ ಬೇಸರಿಸದೆ ಹತ್ತಿದರು, ಇಳಿದರು.

ದ್ವೀಪದ ದಿನ ಬೆಳಿಗ್ಗೆ ಹಯವದನರು ಭಾಗವತ ತೆಗೆದು ಕ್ಯಾಬಿನ್‌ನಲ್ಲಿ ಕೂತರು. ಪದ್ಮಜಾ ನೀಲಗಂಗಾ ಜೊತೆ ಇಳಿಯಲೇ ಎಂದು ಅನುಮತಿ ಕೇಳಿದರು. "ಸಮುದ್ರದ ದಡದಲ್ಲಿ ಕೂತು ಸಹಸ್ರನಾಮ ಹೇಳ್ಕೋತೀನಿ." ಅದಕ್ಕೆ ಬೇಡವೆನ್ನಲು ಯಾವ ಶಾಸ್ತ್ರವೂ ಇಲ್ಲ.

ಚಿತ್ರದಲ್ಲಿದ್ದಂತೆಯೇ ಮರಳು, ಚಿತ್ರದಲ್ಲಿದ್ದಂತೆಯೇ ಛತ್ರಿ. ಪದ್ಮಜಾ ನೀಲಿ ಕುರ್ಚಿಯಲ್ಲಿ ಕಾಲು ಚಾಚಿದರು. ಆಚೆ ಕುರ್ಚಿಯಲ್ಲಿ ನೀಲಗಂಗಾ ಪರ್ಸಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಹುರಿದ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡರು. ಸಂಗನಬಸಪ್ಪ ಪ್ಯಾಂಟು ಮೊಣಕಾಲಿಗೇರಿಸಿ ನೀರಿಗಿಳಿದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಅರ್ಧ ಹಗಲು ಹಾಗೆ ಕಳೆದ ಮೇಲೆ, ಮರಳಿನಲ್ಲಿ ಬೂಟು ಹಾಕಿಕೊಂಡು ನಡೆಯುವ ಸದ್ದಾಯಿತು. ಆ ತೀರದಲ್ಲಿ ಬೂಟು ಹಾಕುವವರು ಒಬ್ಬರೇ.

"ಹಾಸಿಗೆ ಮೇಲೆ ಕೂತ್ರೆ ನಿದ್ದೆ ಎಳೆಯತ್ತೆ ಪದ್ಮಾ. ಹಗಲು ನಿದ್ದೆ ದೋಷ. ಅದಕ್ಕೇ ಬಂದೆ," ಎಂದರು ಹಯವದನರು. ಜೇಬಿನಿಂದ ಮಡಿಸಿದ ಪ್ಲಾನು ಇಣುಕುತ್ತಿತ್ತು. "ವಿಮಾನದ ಬೀಚಿಗೆ ಇನ್ನೂ ಟೈಮ್ ಇದೆ. ಉಪವಾಸದಲ್ಲಿ ನಡೀಬಾರದು ಅಂತ ಎಲ್ಲೂ ಹೇಳಿಲ್ಲ. ಏಳು."

ನೀಲಗಂಗಾ ಆಲೂಗಡ್ಡೆ ಬಾಯಿಗಿಡುವುದನ್ನು ನಿಲ್ಲಿಸಿ ಪದ್ಮಜಾ ಕಡೆ ನೋಡಿದರು.

ಪದ್ಮಜಾ ಕಣ್ಣು ತೆರೆಯಲಿಲ್ಲ. "ಸಹಸ್ರನಾಮ ಹೇಳ್ತಿದೀನಿ. ಮುಗಿದ ಮೇಲೆ ಹೋಗೋಣ."

"ಎಲ್ಲಿವರೆಗೆ ಬಂದಿದೀಯ?"

"ನೀವು ಮಾತಾಡಿಸಿದ್ರಲ್ಲ, ಮರೆತೇಹೋಯ್ತು ನೋಡಿ. ಮೊದಲಿಂದ ಶುರು ಮಾಡ್ಬೇಕು."

ಹಯವದನರು ಸುತ್ತ ನೋಡಿದರು. ಪದ್ಮಜಾ ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಒಂದು ಹುಲ್ಲಿನ ಟೋಪಿ. ನೋವೈಯ ಮನೆಯ ಕಪಾಟಿನಲ್ಲಿರಬೇಕಾದ, ಅವರದೇ ಟೋಪಿ.

"ಈ ಕುರ್ಚಿ ಯಾರದು?"

"ನಿಮ್ಮದೇ. ಸಾಕೇತ್ ಬುಕ್ ಮಾಡ್ದ, ಡಿಸೆಂಬರ್‌ನಲ್ಲೇ."

"ಡಿಸೆಂಬರ್‌ನಲ್ಲಾ? ಆಗ ಏಕಾದಶಿ ಸಮುದ್ರದ ದಿನಕ್ಕಿತ್ತಲ್ಲ?"

"ನಿಮ್ಮ ಪ್ಲಾನಿನಲ್ಲಿತ್ತು. ಆಚಾರ್ಯರು ಪ್ರಸಾದ ಕೊಟ್ಟಾಗ್ಲೇ ಹೇಳಿದ್ರು, ಹಡಗು ಎಲ್ಲಿರತ್ತೋ ಅಲ್ಲಿನ ಸೂರ್ಯ ಅಂತ."

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಮಾತಾಗತ್ತೆ. ನೀವು ಹಾಕಿದ್ರೆ ಲೆಕ್ಕ," ಎಂದರು ಪದ್ಮಜಾ. "ಕೂತ್ಕೊಳ್ಳಿ, ಬಿಸಿಲು."

ಹಯವದನರು ಇಣುಕುತ್ತಿದ್ದ ಪ್ಲಾನನ್ನು ಜೇಬಿನೊಳಕ್ಕೆ ತಳ್ಳಿದರು. ಖಾಲಿ ಹೊಟ್ಟೆ, ಎದುರಿಗೆ ಅಷ್ಟು ನೀಲಿ ನೀರು. ಟೋಪಿ ಹಾಕಿಕೊಂಡು ಕೂತರು. ಬೂಟು ಬಿಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, "ಈ ಛತ್ರಿ ಇನ್ನೊಂಚೂರು ಆ ಕಡೆಗೆ ವಾಲಿಸಿದ್ರೆ ನೆರಳು ಚೆನ್ನಾಗಿ ಬೀಳತ್ತೆ," ಎಂದರು.

"ಹೌದಾ? ನಂಗೆ ಗೊತ್ತೇ ಆಗಿರಲಿಲ್ಲ."

ಹಯವದನರು ಎದ್ದು ಛತ್ರಿ ವಾಲಿಸಿ ಮತ್ತೆ ಕೂತರು. ಅವರ ಟೋಪಿ ಮೂಗಿನ ಮೇಲೆ ಜಾರಿ, ಉಸಿರು ಗೊರಕೆಗೆ ತಿರುಗಿದ ಮೇಲೆ ಪದ್ಮಜಾ ಕೈ ಚಾಚಿ ಛತ್ರಿಯನ್ನು ಮೊದಲಿದ್ದಂತೆಯೇ ಮಾಡಿದರು.

ಇಲ್ಲಿಗೆ ಹುರುಳಿಕಾಯಿ ಮುಗಿದಿತ್ತು. ನನಗೊಂದು ಸಂಶಯ ಉಳಿದಿತ್ತು.

"ಏಕಾದಶಿ ದಿನ ಹಗಲು ನಿದ್ದೆ ದೋಷ ಅಲ್ವಾ? ಎಬ್ಬಿಸಲಿಲ್ವಾ?" ಎಂದು ಕೇಳಿದೆ.

"ಹೇಗೆ ಎಬ್ಬಿಸೋದು?" ಎಂದರು ಪದ್ಮಜಾ, ಮಣೆ ತೊಳೆಯುತ್ತಾ. "ಸಹಸ್ರನಾಮ ಹೇಳ್ತಿದ್ನಲ್ಲ. ಮಧ್ಯೆ ನಿಲ್ಲಿಸಬಾರದು."