ನಲವತ್ತು ದಿನದ ಪಥ್ಯ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಬೆಲ್ಲದ ಪಾಕಕ್ಕೆ ಕಾಳುಮೆಣಸಿನ ಪುಡಿ ಬಿದ್ದು ಘಾಟು ಎದ್ದಾಗ ಮೂರು ಸಲ ಸೀನಿದೆ. ಬಾಣಂತಿ ಲೇಹ್ಯ ಕಾಸುವವಳಿಗೆ ಇದು ದೊಡ್ಡ ಸಂಗತಿಯಲ್ಲ. ಆದರೆ ಈ ಘಾಟಿಗೆ ನನಗೆ ವನಜ ನೆನಪಾಗುತ್ತಾಳೆ. ಹೆಸರು ಅದಲ್ಲ, ಇರಲಿ.

ಮೊದಲು ನನ್ನ ಹೆಚ್ಚುಗಾರಿಕೆ ಸ್ವಲ್ಪ ಹೇಳಿಬಿಡುತ್ತೇನೆ, ಸಹಿಸಿಕೊಳ್ಳಿ. ತಲ್ಲೂರಿನಿಂದ ಸಾಲಿಗ್ರಾಮದವರೆಗೆ ಯಾರ ಮನೆಯಲ್ಲಿ ಹೆರಿಗೆಯಾದರೂ ಲೇಹ್ಯಕ್ಕೆ ನನ್ನ ಬಾಗಿಲಿಗೇ ಬರುತ್ತಿದ್ದರು. ಮುಂಬೈ ಬಸ್ಸಿನಲ್ಲೂ ನನ್ನ ಬಾಟಲಿ ಹೋಗಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಳ ಹಿಡಿಸಿದವಳಲ್ಲ. ಬಾಟಲಿಯ ಜೊತೆ ಪಥ್ಯವನ್ನೂ ಕೊಡುತ್ತಿದ್ದೆ: ನಲವತ್ತು ದಿನ ತಣ್ಣೀರು ಮುಟ್ಟಬಾರದು, ಬದನೆಕಾಯಿ ಕೂಡದು, ಬೇರೆ ಯಾವ ಮದ್ದೂ ಕೂಡದು. ಇದನ್ನು ಯಾರು ಹೇಳಿಕೊಟ್ಟರು ಎಂದರೆ ನನ್ನ ಅತ್ತೆ. ಅವರಿಗೆ ಯಾರು ಹೇಳಿದರೋ, ಕೇಳುವ ಧೈರ್ಯ ನನಗಿರಲಿಲ್ಲ.

ವನಜ ನಮ್ಮ ಹಿಂದಿನ ಮನೆಯ ಹುಡುಗಿ. ಅವಳು ಏಳು ತಿಂಗಳ ಬಸುರಿ ಇರುವಾಗ, ಮುಂಬೈ ಹೋಟೆಲಿನಲ್ಲಿದ್ದ ಗಂಡ ಜ್ವರದಲ್ಲಿ ತೀರಿಕೊಂಡ. ಎಂತಹ ಜ್ವರ ಎಂದು ಅವಳ ಮುಂದೆ ಯಾರೂ ಕೇಳಲಿಲ್ಲ. ತವರಿಗೆ ಬಂದು ಹೆಣ್ಣು ಹೆತ್ತಳು. ಬಾಣಂತಿ ಕೋಣೆಗೆ ನಾನೇ ಬಾಟಲಿ ಹಿಡಿದುಕೊಂಡು ಹೋದೆ. ತಾಯಿ, ಅತ್ತಿಗೆ, ಮಗು ನೋಡಲು ಬಂದ ಇಬ್ಬರು, ಎಲ್ಲ ಅಲ್ಲೇ ಕೂತಿದ್ದರು.

"ಅಕ್ಕಾ, ನಂಗೆ ದಿನಾ ಒಂದ್ ಗುಳ್ಗಿ ತಿಂಬುಕಿತ್ತ್. ಲೇಹ್ಯ ತಿಂಬತಿಗೆ ಅದನ್ ಬಿಟ್ರ್ ಅಡ್ಡಿಲ್ಯಾ?" ಎಂದು ವನಜ ಕೇಳಿದಳು.

"ಎಂತ ಗುಳ್ಗಿ?"

ಅವಳು ತಾಯಿಯ ಮುಖ ನೋಡಿದಳು. "ಶಕ್ತಿದ್."

"ಶಕ್ತಿಗೆ ನನ್ ಲೇಹ್ಯಕ್ಕಿಂತ ದೊಡ್ಡದಿತ್ತಾ ಮಾರಾಯ್ತಿ? ನಲ್ವತ್ ದಿನ ಅದನ್ ಮುಟ್ಟುಕಾಗ!"

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ವನಜ ಇನ್ನೊಮ್ಮೆ ಕೇಳಿದಳು, "ಬಿಟ್ರ್ ಅಡ್ಡಿಲ್ಯಾ ಅಕ್ಕಾ?"

"ಎಂತದೂ ಅಡ್ಡಿಲ್ಲೆ," ಎಂದೆ.

ನಲವತ್ತು ದಿನ ಆಗುವಾಗ ಅವಳು ಕಡ್ಡಿಯಾಗಿದ್ದಳು, ಕೆಮ್ಮು ಬೇರೆ. ನಾನೇನು ಸುಮ್ಮನೆ ಕೂರುವವಳೇ? ಒಂದು ಹಿಡಿ ಮೆಣಸು ಹೆಚ್ಚು ಹಾಕಿ ಎರಡನೆಯ ಬಾಟಲಿ ಕೊಟ್ಟೆ. ಪಥ್ಯವನ್ನೂ ಮುಂದುವರಿಸಿದೆ. ಅದು ಮುಗಿಯುವಷ್ಟರಲ್ಲಿ ಅವಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದೆ. ತಾಯಿ ಬಿಸಿನೀರು ತರಲು ಹೋದ ಹೊತ್ತಿಗೆ ವನಜ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಅದ್ ಶಕ್ತಿದಲ್ಲ. ಎಚ್‌ಐವಿದ್. ಅಬ್ಬಿಗೆ ಹೇಳ್ಬೇಡಿ," ಎಂದು ತಾಯಿ ಹೋದ ಬಾಗಿಲಿನ ಕಡೆ ನೋಡಿದಳು.

ಅವಳಿಗೇ ನನ್ನ ಮೇಲೆ ಕನಿಕರ ಬಂದಿರಬೇಕು. "ನಿಮ್ ಲೇಹ್ಯ ಲಾಯ್ಕಿತ್ತ್. ಎರ್ಡೂ ಬಾಟ್ಲಿ ಖಾಲಿ ಮಾಡ್ದೆ," ಎಂದಳು.

ಮೂರನೆಯ ದಿನ ಹೋದಳು. ಬಾಣಂತಿ ಸನ್ನಿ ಎಂದಿತು ಊರು. ಆ ಗುಳಿಗೆಯನ್ನು ದಿನ ತಪ್ಪದೆ ತಿಂದವರು ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುತ್ತಾರೆ ಎಂದು ಆಮೇಲೆ ಒಬ್ಬ ನರ್ಸಮ್ಮ ನನಗೆ ಹೇಳಿದರು, ಯಾರ ವಿಷಯ ಎಂದು ನಾನು ಬಾಯಿ ಬಿಡದೆ ಕೇಳಿದಾಗ. ಮಗುವಿಗೆ ಕಾಯಿಲೆ ತಾಗಿರಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾಳೆ, ಕಂಡರೆ ನಗುತ್ತಾಳೆ. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಮರುವಾರವೇ ಇಬ್ಬರು ಲೇಹ್ಯಕ್ಕೆ ಬಂದರು. ನಾಚಿಕೆಯಿಲ್ಲದೆ ಕಾಸಿದೆ.

ಒಂದು ಮಾತ್ರ ಬದಲಾಯಿಸಿದೆ. ಹೆರಿಗೆಗೆ ಮೊದಲು ಬಸುರಿಯೇ ಬರಬೇಕು, ಅಡುಗೆಮನೆಗೆ ಒಬ್ಬಳೇ ಬರಬೇಕು. ಜೊತೆಗೆ ಬಂದವರು ಜಗಲಿಯಲ್ಲಿ ಕೂತು ಗೊಣಗುತ್ತಾರೆ, ಮುದುಕಿಗೆ ತಲೆ ಕೆಟ್ಟಿದೆ ಎಂದು.

ಇವತ್ತು ಬಂದವಳು ಗುಲ್ವಾಡಿಯ ಹುಡುಗಿ. ಹಿಂದೆ ಮುಂದೆ ನೋಡಿ ಮೆಲ್ಲಗೆ ಕೇಳಿದಳು, "ಅಮ್ಮಾ, ನಂಗೊಂದ್ ಗುಳ್ಗಿ ಇತ್ತ್..."

"ಎಂತಕ್ಕಂತ ಹೇಳುದ್ ಬೇಡ. ಒಂದ್ ದಿನವೂ ಬಿಡುಕಾಗ. ಬಿಡುದಾರೆ ಲೇಹ್ಯ ಇಲ್ಲೇ ಇಟ್ಟಿಕ್ಕಿ ಹೋಗ್."

ಅವಳು ತಲೆಯಾಡಿಸಿ ಏಳುವಷ್ಟರಲ್ಲಿ ಜಗಲಿಯಿಂದ ಅವಳ ತಾಯಿ ಕೂಗಿದರು, "ಹ್ವಾಯ್, ಎಂತದ್ ಸೀದ್ ವಾಸ್ನಿ?"

ನೋಡಿದರೆ ಲೇಹ್ಯ ತಳ ಹಿಡಿದಿತ್ತು. ಹಿಡಿಯಲಿ ಎಂದು ಹುಡುಗಿಯನ್ನು ಮತ್ತೆ ಕೂರಿಸಿದೆ. ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ವನಜ ಎರಡು ಸಲ ಕೇಳಿದ್ದಳು.